ಬಸಿರಿನಲ್ಲಿ ಕೆಲವರಿಗೆ ಮಾತ್ರ ವಿಪರೀತ ವಾಂತಿ ಯಾಕೆ?

ಮುಖ್ಯ ಕಾರಣ ಜಿಡಿಎಫ್15 ಎಂಬ ಹಾರ್ಮೋನು. 2023ರ ಡಿಸೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ಇದನ್ನು ತೋರಿಸಿತು. ಗರ್ಭ ನಿಂತ ಮೇಲೆ ಮಗು ಮತ್ತು ಮಾಸು ಇದನ್ನು ತಾಯಿಯ ರಕ್ತಕ್ಕೆ ಹೇರಳವಾಗಿ ಬಿಡುತ್ತವೆ; ಅದು ಮಿದುಳಿನ ಬುಡದಲ್ಲಿ ವಾಕರಿಕೆ ಹುಟ್ಟಿಸುವ ಭಾಗವನ್ನು ಕೆಣಕುತ್ತದೆ.

ಆದರೆ ಹಾರ್ಮೋನು ಎಷ್ಟು ಏರಿತು ಎನ್ನುವುದಷ್ಟೇ ಅಲ್ಲ, ತಾಯಿಯ ದೇಹಕ್ಕೆ ಅದು ಮೊದಲೇ ಎಷ್ಟು ರೂಢಿಯಾಗಿತ್ತು ಎನ್ನುವುದೂ ಮುಖ್ಯ. ಬಸಿರಿಗೆ ಮುಂಚೆ ಅದು ಕಡಿಮೆ ಇದ್ದವರಿಗೆ ಈ ಏರಿಕೆಯನ್ನು ತಾಳಿಕೊಳ್ಳಲಾಗುವುದಿಲ್ಲ. ಬೀಟಾ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರಲ್ಲಿ ಅದು ಸದಾ ಹೆಚ್ಚು. ಅವರಿಗೆ ವಾಂತಿ ತೀರಾ ಕಡಿಮೆ.

‘ಎಲ್ಲಾ ಮನಸ್ಸಿನದು’ ಎಂದು ವಿಪರೀತ ವಾಂತಿಯಾಗುವ ಹೆಂಗಸರಿಗೆ ಹೇಳುತ್ತಾ ಬಂದದ್ದು ನಿಜಕ್ಕೂ ಅನ್ಯಾಯ. ನೀರೂ ದಕ್ಕದೆ ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ.