ಹಳೇ ಸ್ಲಾವೊನಿಕ್ ಸನ್ಯಾಸಿ ಸಂಕಲನಗಳು: ಒಂದು ಪ್ರತಿ ಇದ್ದಂಗೆ ಇನ್ನೊಂದು ಯಾಕಿರಲ್ಲ?

ಸಿರಿಯಾದ ಸಂತ ಐಸಾಕ್ ಅವರ ಒಂದೇ ಉಪದೇಶ ಎರಡು ಸ್ಲಾವೊನಿಕ್ (ಸ್ಲಾವ್ ಜನರ ಹಳೇ ಚರ್ಚ್ ಭಾಷೆ) ಹಸ್ತಪ್ರತೀಲಿ ಎರಡು ಥರ ಇದೆ, ಒರಿಜಿನಲ್ ಯಾವ್ದು ಅಂತ ಕೇಳಿದೀರ. ಎರಡೂ ಅಲ್ಲ. ಐಸಾಕ್ 7ನೇ ಶತಮಾನದವರು, ಬರೆದಿದ್ದು ಸಿರಿಯಾಕ್ ಭಾಷೇಲಿ, ಅದನ್ನ ಪ್ಯಾಲೆಸ್ತೀನಿನ ಮಾರ್ ಸಾಬಾ ಮಠದಲ್ಲಿ ಗ್ರೀಕಿಗೆ ತಂದ್ರು, ಗ್ರೀಕಿಂದ ಸ್ಲಾವೊನಿಕ್‌ಗೆ ಬಂದಿದ್ದು 14ನೇ ಶತಮಾನದಲ್ಲಿ. ಆಮೇಲೆ ಕೈಯಿಂದ ಕೈಗೆ ನಕಲು.

ಆದ್ರೆ ವ್ಯತ್ಯಾಸ ಎಲ್ಲಾ ತಪ್ಪಿಂದ್ಲೇ ಬಂದಿದ್ದು ಅಂದ್ಕೋಬೇಡಿ. ಇಂಥ ಹಸ್ತಪ್ರತಿಗಳು ಎಷ್ಟೋ ಸಲ ಸಂಕಲನಗಳು, ಸನ್ಯಾಸಿಗಳು ತಮ್ಮ ಸಾಧನೆಗೆ ಅಂತ ಮಾಡ್ಕೊಳ್ತಿದ್ರು, ಜಾನ್ ಕ್ಲೈಮಕಸ್‌ರ 'ಏಣಿ' ಅನ್ನೋ ಸಾಧನೆಯ ಪುಸ್ತಕದಿಂದ ಒಂದು ಭಾಗ, ಐಸಾಕ್‌ದು ಒಂದಿಷ್ಟು, ಈಜಿಪ್ಟಿನ ಮರಳುಗಾಡಿನ ಹಿರಿಯರ ಮಾತು ನಾಲ್ಕು, ಬೇಡದ್ದು ಬಿಟ್ಟು, ಬೇಕಾದ್ದು ಸೇರಿಸಿ, ಎಷ್ಟೋ ಸಲ ಬರೆದವರ ಹೆಸರೂ ಬಿಟ್ಟೋಗಿರುತ್ತೆ, ಇಲ್ಲಾ ಇನ್ಯಾರದೋ ಹೆಸರು ಬಂದಿರುತ್ತೆ. ಮುಂದಿನವನು ಇದನ್ನೇ ಇಟ್ಕೊಂಡು ತನ್ನದೊಂದಿಷ್ಟು ಸೇರಿಸ್ತಾನೆ. ನನ್ನ ಪ್ರಕಾರ ಇಂಥ ಪ್ರತೀನ 'ಕೆಟ್ಟ ನಕಲು' ಅನ್ನೋದು ಅನ್ಯಾಯ, ಆ ಮಠದಲ್ಲಿ ಏನು ಓದ್ತಿದ್ರು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಹಾಗಾದ್ರೆ ಪ್ರತಿಗಳ ಸಂಬಂಧ ಹೇಗೆ ಗೊತ್ತಾಗುತ್ತೆ? ಸರಿ ಇರೋ ಪಾಠ (ಅಂದ್ರೆ ಪ್ರತೀಲಿರೋ ಪದಗಳು) ಎರಡರಲ್ಲೂ ಇದ್ರೆ ಏನೂ ಸಾಬೀತಾಗಲ್ಲ, ಆದ್ರೆ ಎರಡು ಪ್ರತೀಲಿ ಅದೇ ಜಾಗದಲ್ಲಿ ಅದೇ ಸಾಲು ಬಿಟ್ಟೋಗಿದ್ರೆ, ತುಣುಕುಗಳು ಅದೇ ಕ್ರಮದಲ್ಲಿದ್ರೆ, ಎರಡಕ್ಕೂ ಒಂದೇ ಪೂರ್ವಜ ಪ್ರತಿ ಅಂತ ಅನುಮಾನ ಪಡ್ಬೋದು. ಕಾಗುಣಿತಾನೂ ದಾರಿ ಹೇಳುತ್ತೆ, ಬಲ್ಗೇರಿಯಾದ ಪ್ರತೀಲಿರೋ ಕೆಲವು ಅಕ್ಷರಗಳು ಸೆರ್ಬಿಯಾದವರು ನಕಲು ಮಾಡಿದಾಗ ಮಾಯ ಆಗ್ತವೆ.

ಇಂಥ ಪ್ರತಿ ಹೋಲಿಸಿ ತಿದ್ದಿದವರಲ್ಲಿ ನಂಗೆ ತುಂಬಾ ಇಷ್ಟವಾದವ್ರು 18ನೇ ಶತಮಾನದ ಸನ್ಯಾಸಿ ಪೈಸಿ ವೆಲಿಚ್ಕೊವ್‌ಸ್ಕಿ. ಈಗಿನ ಉಕ್ರೇನಿನ ಪೋಲ್ಟವಾದಲ್ಲಿ ಹುಟ್ಟಿ 1746ರಲ್ಲಿ ಗ್ರೀಸಿನ ಮಠಗಳ ಬೆಟ್ಟ ಆಥೋಸ್‌ಗೆ ಹೋದ್ರು. ಕೈಲಿದ್ದ ಸ್ಲಾವೊನಿಕ್ ಪುಸ್ತಕಗಳಲ್ಲಿ ಕೆಲವು ಕಡೆ ಅರ್ಥಾನೇ ಆಗ್ತಿರಲಿಲ್ಲ, ಬೇರೆ ಸ್ಲಾವೊನಿಕ್ ಪ್ರತಿ ಇಟ್ಟು ತಿದ್ದೋಣ ಅಂತ ನೋಡಿದ್ರು, ಅಲ್ಲೂ ಅದೇ ಗೋಜಲು. ಆಗ ಹೊಳೀತು, ಗ್ರೀಕ್ ಮೂಲ ಇಲ್ದೆ ಇದು ಆಗಲ್ಲ ಅಂತ. ಆದ್ರೆ ಆಥೋಸ್‌ನಲ್ಲೇ ಎಷ್ಟೋ ಜನ ಗ್ರೀಕ್ ಸನ್ಯಾಸಿಗಳಿಗೆ ಆ ಪುಸ್ತಕಗಳ ಹೆಸರೂ ಗೊತ್ತಿರಲಿಲ್ಲವಂತೆ! ಕೊನೆಗೆ ಸಂತ ಬೆಸಿಲ್ ಹೆಸರಿನ ಒಂದು ಸಣ್ಣ ಆಶ್ರಮದಲ್ಲಿ ಸಿಕ್ಕಿದ್ವು. ಆಮೇಲೆ ಮೊಲ್ಡಾವಿಯಾಕ್ಕೆ ಹೋಗಿ, ಕೊನೆಗೆ ನ್ಯಾಮ್ಟ್ಸ್ ಮಠದಲ್ಲಿ ಶಿಷ್ಯರನ್ನ ಕೂರಿಸ್ಕೊಂಡು ವರ್ಷಗಟ್ಟಲೆ ಅನುವಾದ, ತಿದ್ದುಪಡಿ, ನಕಲು. ಅದರ ಒಂದು ಪಾಲು 'ದೊಬ್ರೊತೊಲ್ಯೂಬಿಯೆ' ಅನ್ನೋ ಸಂಕಲನದ ಹೆಸರಲ್ಲಿ 1793ರಲ್ಲಿ ಮಾಸ್ಕೋದಲ್ಲಿ ಅಚ್ಚಾಯ್ತು, ಮಾರನೇ ವರ್ಷ ಅವರು ತೀರ್ಕೊಂಡ್ರು.

ಅವರಿಗಿಂತ ಸುಮಾರು 250 ವರ್ಷ ಹಿಂದೆ ರಷ್ಯಾದ ಸನ್ಯಾಸಿ ನೀಲ್ ಸೋರ್ಸ್ಕಿನೂ ಸಂತರ ಚರಿತ್ರೆ ನಕಲು ಮಾಡುವಾಗ ಬೇರೆ ಬೇರೆ ಪ್ರತಿ ಹೋಲಿಸಿ ಸರಿಯಾದ ಪಾಠ ಹುಡುಕಿದೀನಿ ಅಂತ ಬರೆದಿಟ್ಟಿದಾರೆ.

ನೀವು ನೋಡಿರೋ ಎರಡು ಪ್ರತೀಲೂ ಆ ಉಪದೇಶದ ಹಿಂದೆ ಮುಂದೆ ಏನಿದೆ ಅಂತ ಮೊದಲು ಪಟ್ಟಿ ಮಾಡ್ಕೊಳಿ. ಆಮೇಲೆ ಪದ ಪದ ಹೋಲಿಸಿ, ಒಂದು ಗ್ರೀಕ್ ಪಾಠ ಪಕ್ಕದಲ್ಲಿ ಇಟ್ಕೊಂಡು.