ಹಳೇ ಡೆಸ್ಕ್‌ಟಾಪ್ ಇದ್ದರೆ ನಾಸ್ ಪೆಟ್ಟಿಗೆ ಯಾಕೆ?

ಪ್ರಶ್ನೆ: ಮನೆಯ ಮುಂದಿನ ಕೋಣೆಯಲ್ಲೇ ನಮ್ಮ ಫೋಟೊ ಸ್ಟುಡಿಯೊ. ಮೂರು ಕಂಪ್ಯೂಟರ್ ಇವೆ. ಮದುವೆ ಫೋಟೊಗಳನ್ನು ಒಂದರಿಂದ ಇನ್ನೊಂದಕ್ಕೆ ಪೆನ್‌ಡ್ರೈವ್‌ನಲ್ಲೇ ಹಾಕಿಕೊಳ್ಳುತ್ತೇವೆ. ಎಲ್ಲಾ ಒಂದೇ ಕಡೆ ಇಡೋಣ ಎಂದು ನಾಸ್ ಪೆಟ್ಟಿಗೆಯ (ನೆಟ್‌ವರ್ಕ್‌ಗೆ ಜೋಡಿಸಿ ಎಲ್ಲಾ ಕಂಪ್ಯೂಟರ್‌ಗಳೂ ಬಳಸುವ ಡಿಸ್ಕ್ ಪೆಟ್ಟಿಗೆ) ಬೆಲೆ ಕೇಳಿದೆ, ಸುಮ್ಮನಾದೆ. ರೌಟರ್ ಹಿಂದಿನ ಯುಎಸ್‌ಬಿಗೆ ಹಾರ್ಡ್‌ಡಿಸ್ಕ್ ಚುಚ್ಚಿದರೆ ನಡೆಯುತ್ತಾ? ಮೂಲೆಯಲ್ಲಿ ಹಳೇ ಡೆಸ್ಕ್‌ಟಾಪ್ ಕೂಡ ಒಂದಿದೆ.
– ಓದುಗರು, ಗದಗ-ಬೆಟಗೇರಿ

ಉತ್ತರ: ರೌಟರ್‌ನ ಯುಎಸ್‌ಬಿ ಹಾಡು, ಸಿನಿಮಾಕ್ಕೆ ಸಾಕು. ಮೂವರು ಒಟ್ಟಿಗೆ ರಾ ಫೈಲ್ (ಕ್ಯಾಮೆರಾದ ದೊಡ್ಡ ಮೂಲ ಫೈಲ್) ತೆರೆದರೆ ಅದರ ಪ್ರೊಸೆಸರ್‌ಗೆ ಏದುಸಿರು. ಮೂಲೆಯ ಡೆಸ್ಕ್‌ಟಾಪನ್ನೇ ಎಬ್ಬಿಸಿ.

ಅದಕ್ಕೂ ಮೊದಲು ನಿಮ್ಮ ವೈರಿಂಗ್ ನೋಡ್ರಿ. ವಿಂಡೋಸ್‌ನಲ್ಲಿ ಈಥರ್ನೆಟ್ ಸ್ಟೇಟಸ್ ತೆರೆದರೆ ಸ್ಪೀಡ್ ಕಾಣುತ್ತದೆ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) ಅಂತಿದ್ದರೆ ಸೆಕೆಂಡಿಗೆ ಸಿಗೋದು ಸುಮಾರು 11 ಎಂಬಿ ಮಾತ್ರ. 100 ಜಿಬಿಯ ಒಂದು ಮದುವೆ ದಾಟಿಸೋಕೆ ಎರಡೂವರೆ ಗಂಟೆ. 1 ಜಿಬಿಪಿಎಸ್ ಇದ್ದರೆ, ಡಿಸ್ಕ್ ಸಾಥ್ ಕೊಟ್ಟರೆ, ಕಾಲು ಗಂಟೆ. ಎಷ್ಟೇ ದುಬಾರಿ ನಾಸ್ ತಂದರೂ ಈ ಲೆಕ್ಕ ಬದಲಾಗಲ್ಲ. ರೌಟರ್‌ನ ಪೋರ್ಟುಗಳೇ 100ರವು ಆಗಿದ್ದರೆ ರೌಟರ್ ಬದಲಿಸಬೇಡಿ. ಐದು ಪೋರ್ಟಿನ ಗಿಗಾಬಿಟ್ (1 ಜಿಬಿಪಿಎಸ್‌ನ) ಸ್ವಿಚ್ ತಂದು ಎಲ್ಲಾ ಕಂಪ್ಯೂಟರ್‌ಗಳನ್ನು ಅದಕ್ಕೇ ಜೋಡಿಸಿ. ಸ್ವಿಚ್ ಹಾಕಿದ ಮೇಲೂ 100 ತೋರಿಸಿದರೆ ಕೇಬಲ್ ತುದಿಯ ಪಾರದರ್ಶಕ ಕನೆಕ್ಟರನ್ನು ಬೆಳಕಿಗೆ ಹಿಡಿಯಿರಿ. ಎಂಟು ತಂತಿ ಇರಬೇಕು. ನಾಲ್ಕೇ ತಂತಿ ಕ್ರಿಂಪ್ ಮಾಡಿ ಹೋಗುವ ಪುಣ್ಯಾತ್ಮರು ನಮ್ಮ ಹುಬ್ಬಳ್ಳಿಯಲ್ಲೂ ಇದ್ದಾರೆ! ಎಂಟೂ ಇದ್ದರೆ ಆ ಕಂಪ್ಯೂಟರ್‌ನ ಲ್ಯಾನ್ ಕಾರ್ಡೇ ಹಳೆಯದಿರಬಹುದು. ಹೊಸ ಕಾರ್ಡ್‌ಗೆ ಜಾಸ್ತಿ ಖರ್ಚಿಲ್ಲ.

ಇನ್ನು ಡೆಸ್ಕ್‌ಟಾಪ್‌ಗೆ ಓಪನ್‌ಮೀಡಿಯಾವಾಲ್ಟ್ ಹಾಕಿ, ಕಂಪ್ಯೂಟರನ್ನೇ ನಾಸ್ ಮಾಡುವ ಸಾಫ್ಟ್‌ವೇರ್ ಅದು. ಉಚಿತ, ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು. ಅದಕ್ಕೆ ಒಂದು ಸಣ್ಣ ಎಸ್‌ಎಸ್‌ಡಿ, ಫೋಟೊಗೆ ಬೇರೆ ದೊಡ್ಡ ಡಿಸ್ಕ್. ಇನ್‌ಸ್ಟಾಲ್ ಮಾಡುವಾಗ ಆ ಎಸ್‌ಎಸ್‌ಡಿಯಲ್ಲಿ ಇದ್ದದ್ದೆಲ್ಲಾ ಅಳಿಸಿ ಹೋಗುತ್ತದೆ, ಗಮನ ಇರಲಿ. ಅದರಲ್ಲಿ ಸಾಂಬಾ ಶೇರ್ (ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ಸೌಲಭ್ಯ) ಆನ್ ಮಾಡಿದರೆ ಮೂರೂ ಕಂಪ್ಯೂಟರ್‌ನಲ್ಲಿ ಮಾಮೂಲಿ ಫೋಲ್ಡರ್ ಥರ ಕಾಣುತ್ತದೆ.

ಕರೆಂಟ್ ಬಿಲ್? 50 ವ್ಯಾಟ್ ಎಳೆಯುವ ಕಂಪ್ಯೂಟರ್ ಹಗಲು ರಾತ್ರಿ ಓಡಿದರೆ ತಿಂಗಳಿಗೆ 36 ಯೂನಿಟ್. ಅಂಗಡಿ ಮುಚ್ಚುವಾಗ ಶಟ್‌ಡೌನ್ ಮಾಡಿ, ಅಷ್ಟೇ. ದಿನವಿಡೀ ಆನ್ ಇರಲೇಬೇಕು ಅಂದರೆ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಕಡಿಮೆ ಕರೆಂಟಿನಲ್ಲಿ ನಡೆಯುತ್ತದೆ. ಸೆಕೆಂಡ್‌ಹ್ಯಾಂಡ್ ಪೈ 3 ಅಗ್ಗಕ್ಕೆ ಸಿಕ್ಕರೂ ಬೇಡ. ಅದರಲ್ಲಿ ಯುಎಸ್‌ಬಿ 3 ಇಲ್ಲ, ಪೂರ್ತಿ ಗಿಗಾಬಿಟ್ ವೇಗವೂ ಇಲ್ಲ.

ಉಳಿದ ದುಡ್ಡಲ್ಲಿ ಎರಡನೇ ಡಿಸ್ಕ್ ತಗೊಳ್ಳಿ. ರೇಡ್‌ನಲ್ಲಿ ಮಿರರ್ (ಎರಡೂ ಡಿಸ್ಕ್‌ಗೆ ಒಂದನ್ನೇ ಒಟ್ಟಿಗೆ ಬರೆಯುವುದು) ಮಾಡಿದರೆ ಆಯ್ತಲ್ವಾ ಅಂತ ಕೇಳುವವರು ಬಹಳ. ಒಂದರಲ್ಲಿ ತಪ್ಪಿ ಅಳಿಸಿದ ಆಲ್ಬಮ್ ಇನ್ನೊಂದರಲ್ಲೂ ಆ ಕ್ಷಣವೇ ಅಳಿಸುತ್ತದೆ. ಅದರ ಬದಲು ಯುಎಸ್‌ಬಿ ಡಿಸ್ಕ್‌ಗೆ ವಾರಕ್ಕೊಮ್ಮೆ, ಮದುವೆ ಸೀಸನ್‌ನಲ್ಲಿ ಪ್ರತಿ ಮದುವೆ ಮುಗಿದ ಕೂಡಲೇ, ಕಾಪಿ ಮಾಡಿ ಕಿತ್ತಿಡಿ. ಆ ಡಿಸ್ಕ್ ಸ್ಟುಡಿಯೊದಲ್ಲಿ ಬೇಡ, ನೆಂಟರ ಮನೆಯಲ್ಲಿರಲಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲದಿದ್ದರೆ ಅದೂ ಪಟ್ಟಿಗೆ ಸೇರಲಿ.