ಜಿನ್‌ಫ್ಯಾಂಡೆಲ್: ಎಷ್ಟು ವರ್ಷ ಇಡಬಹುದು, ಇಟ್ಟರೆ ರುಚಿ ಏನಾಗುತ್ತದೆ?

ಕ್ಯಾಲಿಫೋರ್ನಿಯಾದ ಕೆಂಪು ವೈನ್ ಜಿನ್‌ಫ್ಯಾಂಡೆಲ್ (ಅದನ್ನು ಮಾಡುವ ದ್ರಾಕ್ಷಿಗೂ ಇದೇ ಹೆಸರು) ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಅಲ್ಲಿ ನೆಲೆಸಿದ ಕನ್ನಡಿಗರೂ ಕೇಳಿದ್ದಾರೆ, ಅವರು ತಂದುಕೊಟ್ಟ ಬಾಟಲಿಯನ್ನು ಬೀರುವಿನಲ್ಲಿಟ್ಟು ಕಾಯುತ್ತಿರುವ ಇಲ್ಲಿನವರೂ ಕೇಳಿದ್ದಾರೆ.

ಪ್ರಶ್ನೆ: ಸೊನೋಮಾದ ಡ್ರೈ ಕ್ರೀಕ್ ಕಣಿವೆಯ 2019ರ ಜಿನ್‌ಫ್ಯಾಂಡೆಲ್ ಆರು ಬಾಟಲಿ ಕೊಂಡಿದ್ದೇನೆ. ಲೇಬಲ್ ಮೇಲೆ ಆಲ್ಕೋಹಾಲ್ ಶೇ 14.8 ಎಂದಿದೆ. ವರ್ಷ ಕಳೆದಂತೆ ರುಚಿ ಹೇಗೆ ಬದಲಾಗುತ್ತದೆ? ಯಾವಾಗ ತೆಗೆಯಲಿ? (ಫ್ರೀಮಾಂಟ್)

ಉತ್ತರ: ಲೆಕ್ಕವನ್ನು ಕೊಂಡ ದಿನದಿಂದ ಹಿಡಿಯಬೇಡಿ, ಲೇಬಲ್ ಮೇಲಿರುವ ಕೊಯ್ಲಿನ ವರ್ಷದಿಂದ ಹಿಡಿಯಿರಿ.

ಮೊದಲ ಮೂರು ವರ್ಷ ಹಣ್ಣಿನದೇ ಕಾರುಬಾರು. ಬ್ಲ್ಯಾಕ್‌ಬೆರಿ, ರಾಸ್ಪ್‌ಬೆರಿ ಜಾಮ್, ಮೇಲೆ ಒಂದಿಷ್ಟು ಕಾಳುಮೆಣಸಿನ ಘಾಟು. ಅಮೆರಿಕನ್ ಓಕ್ ಪೀಪಾಯಿಯಲ್ಲಿಟ್ಟ ವೈನಾದರೆ ವೆನಿಲಾ ಮತ್ತು ಕೊಬ್ಬರಿಯ ವಾಸನೆ ಹಣ್ಣಿಗೆ ಇನ್ನೂ ಬೆರೆಯದೆ ಬೇರೆಯಾಗಿಯೇ ಮೂಗಿಗೆ ಬರುತ್ತದೆ. ನಾಲ್ಕರಿಂದ ಆರನೇ ವರ್ಷದ ಹೊತ್ತಿಗೆ ಈ ಎರಡೂ ಹೊಂದಿಕೊಳ್ಳುತ್ತವೆ. ಜಾಮ್‌ನ ಅಬ್ಬರ ಇಳಿದು ಹಣ್ಣು ಹಣ್ಣಿನಂತೆ ಸಿಗುತ್ತದೆ, ನಾಲಿಗೆಯ ಇಕ್ಕೆಲದ ಒಗರು ಮೆತ್ತಗಾಗುತ್ತದೆ. ಒಣ ಕಿತ್ತಳೆ ಸಿಪ್ಪೆ, ಲವಂಗ ಒಂದೊಂದಾಗಿ ತಲೆ ಎತ್ತುತ್ತವೆ. ಸಾಧಾರಣ ಜಿನ್‌ಫ್ಯಾಂಡೆಲ್‌ಗೆ ಇದೇ ಸುಗ್ಗಿ. ಇದಕ್ಕಿಂತ ಮುಂದೆ ಕಾಯುವುದು ಎಲ್ಲ ಬಾಟಲಿಗೂ ಲಾಭದ ವ್ಯವಹಾರವಲ್ಲ.

ಏಳರಿಂದ ಹತ್ತು ವರ್ಷದ ನಡುವೆ ವೈನ್ ಬೇರೆ ಮನೆಗೆ ಕಾಲಿಡುತ್ತದೆ. ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ಹಿಡಿದರೆ ಅಂಚಿನಲ್ಲಿ ನೇರಳೆ ಛಾಯೆ ಉಳಿದಿರುವುದಿಲ್ಲ. ಒಂದು ಬೆರಳಗಲ ಇಟ್ಟಿಗೆ ಬಣ್ಣದ ಅಂಚು, ಅದರಾಚೆ ನೀರಿನಂತೆ ತಿಳಿಯಾದ ಗೆರೆ. ಬಾಯಿಗೆ ಒಣ ಅಂಜೂರ, ಖರ್ಜೂರ, ಹಾಲು ಹಾಕದ ಟೀ, ಹೊಗೆಸೊಪ್ಪು, ಸೀಡರ್ ಮರ. ಚೆನ್ನಾಗಿ ಮಾಗಿದ ಹತ್ತು ವರ್ಷದ ಜಿನ್‌ಫ್ಯಾಂಡೆಲನ್ನು ಲೇಬಲ್ ಮುಚ್ಚಿ ಕೊಟ್ಟರೆ ಅನುಭವಿಗಳೂ ಹಳೆಯ ಕ್ಯಾಬರ್ನೆ (ಇನ್ನೊಂದು ಕೆಂಪು ದ್ರಾಕ್ಷಿಯ ವೈನ್) ಎಂದು ಎಡವುವುದುಂಟು. ಹನ್ನೆರಡು ದಾಟಿದ ಮೇಲೆ ಗಟ್ಟಿ ಕುಳಗಳಷ್ಟೇ ನಿಲ್ಲುತ್ತವೆ. ಉಳಿದವು ಸಪ್ಪೆಯಾಗಿ, ಸೋಯಾ ಸಾಸ್‌ನ ವಾಸನೆ ಹಿಡಿದು, ಗಂಟಲಲ್ಲಿ ಬರೀ ಉರಿ ಬಿಟ್ಟು ಹೋಗುತ್ತವೆ.

ಆ ಉರಿ ಎಲ್ಲಿಂದ ಬರುತ್ತದೆ ಎಂಬುದೇ ಜಿನ್‌ಫ್ಯಾಂಡೆಲ್‌ನ ಇಡೀ ಮರ್ಮ. ಬಾಟಲಿಯೊಳಗೆ ಬಣ್ಣದ ಕಣಗಳೂ ಒಗರಿನ ಕಣಗಳೂ ಒಂದಕ್ಕೊಂದು ಹೆಣೆದುಕೊಂಡು ದೊಡ್ಡದಾಗಿ, ಭಾರ ತಾಳದೆ ತಳಕ್ಕೆ ಕೂರುತ್ತವೆ. ಬಣ್ಣ ತಿಳಿಯಾಗುವುದು, ಒಗರು ಇಳಿಯುವುದು, ತಳದಲ್ಲಿ ಗಷ್ಟು ಕಾಣುವುದು, ಮೂರೂ ಒಂದೇ ಕೆಲಸದ ಫಲ. ತಾಜಾ ಹಣ್ಣಿನ ಘಮ ಕೊಡುವ ಎಸ್ಟರ್‌ಗಳು ವೈನಿನ ಹುಳಿಯಲ್ಲಿ ನಿಧಾನವಾಗಿ ಒಡೆದುಹೋಗುತ್ತವೆ. ಬಿರಡೆಯ ಮೂಲಕ ವರ್ಷಕ್ಕೆ ಸುಮಾರು ಒಂದು ಮಿಲಿಗ್ರಾಂ ಆಮ್ಲಜನಕ ಒಳ ಸೇರುತ್ತದೆ. ಇಷ್ಟೆಲ್ಲ ಬದಲಾದರೂ ಆಲ್ಕೋಹಾಲ್ ಮಾತ್ರ ಜಗ್ಗುವುದಿಲ್ಲ. ಇಂದು 14.8 ಇದ್ದದ್ದು ಹದಿನೈದು ವರ್ಷದ ನಂತರವೂ 14.8. ಚಿಕ್ಕ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟಿದ್ದ ಹಣ್ಣು ಸವೆದ ಮೇಲೆ, ನೀರಿಳಿದ ಕೆರೆಯಲ್ಲಿ ಬಂಡೆ ಕಂಡ ಹಾಗೆ, ಅದು ಎದ್ದು ಕಾಣುತ್ತದೆ.

ನಿಮ್ಮ ಆರು ಬಾಟಲಿಗಳಲ್ಲಿ ಮೊದಲನೆಯದನ್ನು ಈಗಲೇ ತೆಗೆಯಿರಿ, ಅದು ಅಳತೆಗೋಲು. ಎಂಟನೇ ವರ್ಷದೊಳಗೆ ಇನ್ನು ಮೂರು ಮುಗಿಯಲಿ, ಹತ್ತಕ್ಕೆ ಒಂದು. ಕೊನೆಯದರ ಹಣೆಬರಹವನ್ನು ಐದನೆಯದು ಹೇಳುತ್ತದೆ. ಪ್ರತಿ ಸಲ ಅಂಚಿನ ಬಣ್ಣ, ಹಣ್ಣು, ಒಗರು, ಗಂಟಲ ಉರಿ, ಈ ನಾಲ್ಕನ್ನು ಒಂದು ಸಾಲಿನಲ್ಲಿ ಬರೆದಿಡಿ. ಎರಡು ಬಾಟಲಿಗಳ ನಡುವೆ ಹಣ್ಣು ಥಟ್ಟನೆ ಕುಸಿದಿದ್ದರೆ ಉಳಿದವನ್ನು ಒಂದು ವರ್ಷದೊಳಗೆ ಕುಡಿದುಬಿಡಿ. ಆದರೆ ಒಂದೇ ಬಾಟಲಿಯ ಮೇಲೆ ತೀರ್ಪು ಬೇಡ. ಬಿರಡೆಯಿಂದ ಬಿರಡೆಗೆ ಗಾಳಿ ಬಿಡುವ ಪ್ರಮಾಣ ಬೇರೆಯಾದ್ದರಿಂದ, ಒಂದೇ ಪೆಟ್ಟಿಗೆಯ ಎರಡು ಬಾಟಲಿಗಳು ಅಣ್ಣ ತಮ್ಮಂದಿರಷ್ಟೂ ಹೋಲದಿರಬಹುದು.

ಪ್ರಶ್ನೆ: ಜಿನ್‌ಫ್ಯಾಂಡೆಲ್ ಇಡುವ ವೈನೇ ಅಲ್ಲ ಎನ್ನುತ್ತಾರೆ ಕೆಲವರು, ಇಪ್ಪತ್ತು ವರ್ಷದ್ದು ಅಮೃತ ಎನ್ನುತ್ತಾರೆ ಇನ್ನು ಕೆಲವರು. ಅಂಗಡಿಯಲ್ಲಿ ನಿಂತು ಹೇಗೆ ತೀರ್ಮಾನಿಸುವುದು? (ಸ್ಯಾನ್ ಹೋಸೆ)

ಉತ್ತರ: ಇಬ್ಬರೂ ಕುಡಿದದ್ದು ಬೇರೆ ಬೇರೆ ವೈನ್, ಅಷ್ಟೇ. ಈ ದ್ರಾಕ್ಷಿಯ ಗೊಂಚಲು ಸಮನಾಗಿ ಹಣ್ಣಾಗುವುದಿಲ್ಲ. ಒಂದೇ ಗೊಂಚಲಲ್ಲಿ ಹಸಿರು ಕಾಯಿ, ಕಳಿತ ಹಣ್ಣು, ಬಾಡಿ ಒಣದ್ರಾಕ್ಷಿಯಾದದ್ದು ಮೂರೂ ಇರುತ್ತವೆ. ಹಸಿರು ಹೋಗಲಿ ಎಂದು ಕಾದರೆ ಒಣಗಿದ್ದು ಹೆಚ್ಚುತ್ತದೆ, ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ, ಆಲ್ಕೋಹಾಲ್ 16ರ ಹತ್ತಿರ ಹೋಗುತ್ತದೆ. ಅಂಥದ್ದು ಎರಡನೇ ವರ್ಷ ಬಾಯಿ ತುಂಬ ರುಚಿ, ಎಂಟನೇ ವರ್ಷ ಬರೀ ಬಿಸಿ. ಇಡಬೇಕೆಂದರೆ 15ರ ಒಳಗಿನದನ್ನು ಆರಿಸಿ. ಇಲ್ಲೊಂದು ಸೂಕ್ಷ್ಮವಿದೆ: 14ಕ್ಕಿಂತ ಹೆಚ್ಚಿನ ವೈನಿನ ಲೇಬಲ್‌ನಲ್ಲಿ ಒಂದು ಅಂಶ ಅತ್ತಿತ್ತ ಆಗಲು ಅಮೆರಿಕದ ಕಾನೂನು ಬಿಡುತ್ತದೆ. 14.8 ಎಂದು ಬರೆದದ್ದು ನಿಜದಲ್ಲಿ 15.8 ಇದ್ದರೂ ತಪ್ಪಲ್ಲ. ಹಾಗಾಗಿ ನಾಲಿಗೆಯಿಂದಲೂ ಪರೀಕ್ಷಿಸಿ. ನುಂಗಿದ ಮೇಲೆ ಬಾಯಲ್ಲಿ ನೀರೂರಿದರೆ ಹುಳಿ ಸಾಕಷ್ಟಿದೆ.

ಎರಡನೆಯ ಗುರುತು ಬೆರಕೆ. ಹಳೆಯ ಕಾಲದ ತೋಟಗಳಲ್ಲಿ ಜಿನ್‌ಫ್ಯಾಂಡೆಲ್ ಸಾಲಿನ ನಡುವೆ ಪೆಟಿಟ್ ಸಿರಾ, ಕ್ಯಾರಿನ್ಯಾನ್ ಬಳ್ಳಿಗಳನ್ನೂ ನೆಟ್ಟಿರುತ್ತಿದ್ದರು. ಜಿನ್‌ಫ್ಯಾಂಡೆಲ್‌ನ ಸಿಪ್ಪೆ ತೆಳು, ಒಗರು ಮಧ್ಯಮ. ಪೆಟಿಟ್ ಸಿರಾ ಬಣ್ಣ ಮತ್ತು ಒಗರು ಕೊಟ್ಟರೆ ಕ್ಯಾರಿನ್ಯಾನ್ ಹುಳಿ ಕೊಡುತ್ತದೆ. ರಿಜ್ ವೈನರಿಯ ಗೈಸರ್‌ವಿಲ್ (ಮೊದಲ ವೈನ್ 1966ರದ್ದು) ಮತ್ತು ಲಿಟನ್ ಸ್ಪ್ರಿಂಗ್ಸ್ (1972) ದೀರ್ಘಾಯುಷ್ಯಕ್ಕೆ ಹೆಸರಾಗಿರುವುದು ಈ ಬೆರಕೆಯ ಬಲದಿಂದಲೇ. ಲೇಬಲ್ ಮೇಲೆ ದ್ರಾಕ್ಷಿಯ ಹೆಸರು ಹಾಕಲು ಆ ತಳಿ ಶೇ 75ರಷ್ಟಾದರೂ ಇರಬೇಕು. ಗೈಸರ್‌ವಿಲ್‌ನಲ್ಲಿ ಎಷ್ಟೋ ವರ್ಷ ಅಷ್ಟು ಇರುವುದಿಲ್ಲವಾದ್ದರಿಂದ ವೈನಿಗೆ ಸ್ಥಳದ ಹೆಸರನ್ನೇ ಇಟ್ಟಿದ್ದಾರೆ. 'ಓಲ್ಡ್ ವೈನ್' ಎಂಬ ಮಾತಿಗೆ ಮಾತ್ರ ಮರುಳಾಗಬೇಡಿ, ಅಮೆರಿಕದಲ್ಲಿ ಅದಕ್ಕೆ ಕಾನೂನಿನ ವ್ಯಾಖ್ಯೆಯೇ ಇಲ್ಲ. ಇನ್ನು ಗುಲಾಬಿ ಬಣ್ಣದ ಸಿಹಿ 'ವೈಟ್ ಜಿನ್‌ಫ್ಯಾಂಡೆಲ್' ಕೊಂಡ ವರ್ಷವೇ ಖಾಲಿಯಾಗಲಿ.

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಿಂದ ಎರಡು ಬಾಟಲಿ ತರುತ್ತಾಳೆ. ಬೆಂಗಳೂರಿನ ಫ್ಲ್ಯಾಟ್‌ನಲ್ಲಿ ಎಲ್ಲಿಡುವುದು? (ಜಯನಗರ)

ಉತ್ತರ: ಎರಡು ಬಾಟಲಿ ಎಂದರೆ ಒಂದೂವರೆ ಲೀಟರ್. ಸುಂಕವಿಲ್ಲದೆ ತರಬಹುದಾದ ಎರಡು ಲೀಟರ್ ಮಿತಿಯೊಳಗೇ ಇದೆ. ಚೆಕ್-ಇನ್ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಸುತ್ತಿಡಲಿ. ಬಂದ ಮೇಲೆ ಮೂರು ವಾರ ಮುಟ್ಟಬೇಡಿ. ಕುಲುಕಾಟದಿಂದ ಗಷ್ಟು ಎದ್ದಿರುತ್ತದೆ, ರುಚಿಯೂ ಮಂಕಾಗಿರುತ್ತದೆ.

ಇಡುವ ಜಾಗಕ್ಕೆ 12–14 ಡಿಗ್ರಿ, ಕತ್ತಲು, ಶೇ 60–70 ತೇವಾಂಶ ಇದ್ದರೆ ಸರಿ. ಬೆಂಗಳೂರಿನ ಬೀರು ಏಪ್ರಿಲ್‌ನಲ್ಲಿ 28–30ಕ್ಕೆ ಹೋಗುತ್ತದೆ. ಹತ್ತು ಡಿಗ್ರಿ ಏರಿದರೆ ಬಾಟಲಿಯೊಳಗಿನ ಕ್ರಿಯೆಗಳ ವೇಗ ಹೆಚ್ಚುಕಡಿಮೆ ಇಮ್ಮಡಿ ಎಂಬುದು ಒರಟು ಲೆಕ್ಕ. ಹಾಗೆಂದು ಎಂಟು ವರ್ಷದ ರುಚಿ ನಾಲ್ಕೇ ವರ್ಷಕ್ಕೆ ಸಿಕ್ಕಿತು ಎಂದು ಖುಷಿಪಡುವಂತಿಲ್ಲ. ಕೆಡಿಸುವ ಕ್ರಿಯೆಗಳು ಮಾಗಿಸುವವಕ್ಕಿಂತ ಮುಂದೆ ಓಡಿ, ಬೇಯಿಸಿದ ಹಣ್ಣಿನ ರುಚಿ ಬರುತ್ತದೆ. ಅಟ್ಟ, ಅಡುಗೆಮನೆಯ ಮೇಲಿನ ಕಪಾಟು, ಫ್ರಿಜ್‌ನ ತಲೆ, ಮೂರೂ ಬೇಡ. ಐದು ವರ್ಷಕ್ಕೂ ಹೆಚ್ಚು ಇಡುವ ಮನಸ್ಸಿದ್ದರೆ ಪುಟ್ಟ ವೈನ್ ಕೂಲರ್ ಕೊಳ್ಳಿ. ಎರಡೇ ಬಾಟಲಿಗೆ ಆ ಖರ್ಚು ದಂಡ. ಮನೆಯ ಫ್ರಿಜ್‌ನ ತರಕಾರಿ ಡಬ್ಬದಲ್ಲಿ ಅಡ್ಡ ಮಲಗಿಸಿ ಒಂದು ವರ್ಷದೊಳಗೆ ಕುಡಿಯಿರಿ. ಅದಕ್ಕೂ ಹೆಚ್ಚು ಕಾಲ ಅಲ್ಲಿಟ್ಟರೆ ಒಣ ಗಾಳಿಗೆ ಬಿರಡೆ ಕುಗ್ಗುತ್ತದೆ. ಬಿರಡೆ ಬಾಟಲಿಯ ಬಾಯಿಗಿಂತ ಮೇಲೆದ್ದಿದ್ದರೆ, ಹೊದಿಕೆಯ ಕೆಳಗೆ ಅಂಟು ಒಸರಿದ್ದರೆ, ಎಲ್ಲೋ ಬಿಸಿ ಕಂಡಿದೆ ಎಂದರ್ಥ. ಅಂಥದ್ದನ್ನು ಇಡದೆ ತೆಗೆಯಿರಿ.

ಪ್ರಶ್ನೆ: ಹದಿನಾಲ್ಕು ವರ್ಷದ ಬಾಟಲಿ ಒಂದಿದೆ. ಬಿರಡೆ ಪುಡಿಯಾದರೆ? ಡಿಕ್ಯಾಂಟರ್‌ಗೆ (ವೈನ್ ಬಗ್ಗಿಸಿಡುವ ಗಾಜಿನ ಹೂಜಿ) ಹಾಕಿ ಗಂಟೆಗಟ್ಟಲೆ ಇಡಬೇಕೆ? (ಹುಬ್ಬಳ್ಳಿ)

ಉತ್ತರ: ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಷ್ಟು ತಳಕ್ಕಿಳಿಯಲು 24 ಗಂಟೆ ಬೇಕು. ಕುಡಿಯುವಾಗ 16–17 ಡಿಗ್ರಿ ಇರಲಿ. ನಮ್ಮ ಕೋಣೆಯ 27ರಲ್ಲಿ ಆಲ್ಕೋಹಾಲ್ ಆವಿಯೇ ಮೂಗಿಗೆ ಬಡಿಯುತ್ತದೆ. ಫ್ರಿಜ್‌ನಲ್ಲಿ ನಿಲ್ಲಿಸಿದ್ದರೆ ಮುಕ್ಕಾಲು ಗಂಟೆ ಮುಂಚೆ ಹೊರಗಿಡಿ.

ಹಳೆಯ ಬಿರಡೆಗೆ ಎರಡು ಅಲಗಿನ ತೆಗೆಯುವ ಸಾಧನ ಒಳ್ಳೆಯದು. ಅಲಗುಗಳನ್ನು ಗಾಜು ಮತ್ತು ಬಿರಡೆಯ ನಡುವೆ ತೂಗಿ ತೂಗಿ ಇಳಿಸಿ, ತಿರುಗಿಸುತ್ತಾ ಮೇಲೆಳೆಯಿರಿ. ಮಾಮೂಲಿ ಸುರುಳಿಯೇ ಇದ್ದರೆ ಪೂರ್ತಿ ಇಳಿಸಿ. ಅರ್ಧಕ್ಕೆ ನಿಲ್ಲಿಸಿ ಎಳೆದರೆ ಬಿರಡೆ ನಡುವೆ ತುಂಡಾಗುತ್ತದೆ. ಹಾಗೇನಾದರೂ ಆದರೆ ಸುರುಳಿಯನ್ನು ಓರೆಯಾಗಿ ಚುಚ್ಚಿ ಉಳಿದದ್ದನ್ನು ಗಾಜಿಗೆ ಒತ್ತಿಕೊಂಡು ಎತ್ತಿ. ಚೂರು ಒಳಗೆ ಬಿದ್ದರೂ ವೈನ್ ಕೆಡುವುದಿಲ್ಲ, ವಾಸನೆಯಿಲ್ಲದ ಸ್ಟೀಲ್ ಜರಡಿಯಲ್ಲಿ ಸೋಸಿ.

ಡಿಕ್ಯಾಂಟರ್‌ಗೆ ಹಾಕುವ ಮೊದಲು ಎರಡು ಗುಟುಕು ರುಚಿ ನೋಡಿ. ಹಣ್ಣು ಆಗಲೇ ತೆಳುವಾಗಿದ್ದರೆ ಗಾಳಿ ತಾಗಿಸುವುದು ಬೇಡ, ನೇರ ಲೋಟಕ್ಕೆ. ಗಷ್ಟು ಹೆಚ್ಚಿದ್ದರೆ ಮಾತ್ರ ಬಾಟಲಿಯ ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿದು ಒಂದೇ ಧಾರೆಯಲ್ಲಿ ಬಗ್ಗಿಸಿ. ಕಪ್ಪು ಎಳೆ ಭುಜ ದಾಟಿ ಕತ್ತಿಗೆ ಬಂದ ಕೂಡಲೇ ನಿಲ್ಲಿಸಿ, 40–50 ಮಿಲಿ ಕಳೆದುಕೊಂಡರೂ ಚಿಂತೆಯಿಲ್ಲ. ಆ ಗಷ್ಟು ವಿಷವಲ್ಲ, ಕಹಿ. ಸೋಸಿದ್ದನ್ನು ಒಂದು ಗಂಟೆಯೊಳಗೆ ಮುಗಿಸಿ. ಗಂಟೆಗಟ್ಟಲೆ ಗಾಳಿಯಾಡಿಸುವ ಶಾಸ್ತ್ರವೆಲ್ಲ ಮೂರು ನಾಲ್ಕು ವರ್ಷದ ಎಳೆಯ ವೈನಿಗೆ.

ಪ್ರಶ್ನೆ: ಆರೇ ವರ್ಷದ ಬಾಟಲಿ ತೆರೆದಾಗ ನೇಲ್ ಪಾಲಿಶ್ ತೆಗೆಯುವ ದ್ರಾವಣದ ವಾಸನೆ. ಇನ್ನೊಂದು, 2020ರದ್ದು, ನುಂಗಿದ ಮೇಲೆ ಬೂದಿ ನೆಕ್ಕಿದಂತಿತ್ತು. ಇಟ್ಟದ್ದು ತಪ್ಪಾಯಿತೆ? (ಮಂಗಳೂರು)

ಉತ್ತರ: ಮೊದಲನೆಯದು ಎಥೈಲ್ ಅಸಿಟೇಟ್. ಒಣಗಿದ ಕಾಯಿ ಹೆಚ್ಚಿರುವ, ಸಕ್ಕರೆ ಜಾಸ್ತಿಯಾಗಿ ಹುದುಗು ತಡವರಿಸಿದ ಜಿನ್‌ಫ್ಯಾಂಡೆಲ್‌ನಲ್ಲಿ ಇದು ಹುಟ್ಟಿನಿಂದಲೇ ಇರುವ ದೋಷ. ಹಣ್ಣಿನ ಮರೆಯಲ್ಲಿದ್ದದ್ದು ಆರು ವರ್ಷಕ್ಕೆ ಬಯಲಾಯಿತು.

ಎರಡನೆಯದು ಕಾಡ್ಗಿಚ್ಚಿನ ಹೊಗೆ ಇರಬೇಕು. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ, ಸೆಪ್ಟೆಂಬರ್ ಕೊನೆಗೆ ಮತ್ತೊಮ್ಮೆ, ನಾಪಾ ಮತ್ತು ಸೊನೋಮಾ ಹೊತ್ತಿ ಉರಿದವು, ಅದೂ ಕೊಯ್ಲಿನ ಹೊತ್ತಿಗೆ. ಹೊಗೆಯ ಗ್ವಾಯಕಾಲ್‌ನಂಥ ಕಣಗಳು ದ್ರಾಕ್ಷಿಯೊಳಗೆ ಸಕ್ಕರೆಗೆ ಅಂಟಿಕೊಂಡು ವಾಸನೆಯಿಲ್ಲದೆ ಅಡಗಿರುತ್ತವೆ. ಬಾಟಲಿಯಲ್ಲಿ ವರ್ಷಗಳಲ್ಲಿ ಬಿಡುಗಡೆಯಾಗುತ್ತವೆ, ಬಾಯಲ್ಲಿ ಜೊಲ್ಲು ತಾಗಿದಾಗಲೂ ಆಗುತ್ತವೆ. ಮೂಗಿಗೆ ಸಿಗದ ಬೂದಿ ನುಂಗಿದ ಮೇಲೆ ಸಿಗುವುದು ಅದಕ್ಕೇ. ಎಲ್ಲ 2020ರ ವೈನೂ ಹೀಗಲ್ಲ, ಹೊಗೆಗೆ ಮುಂಚೆ ಕೊಯ್ದವೂ ಇವೆ. ಆದರೆ ಹೀಗಿರುವುದು ಇಟ್ಟಷ್ಟೂ ಹದಗೆಡುತ್ತದೆಯೇ ಹೊರತು ಸುಧಾರಿಸದು.

ಒದ್ದೆ ರಟ್ಟಿನ ವಾಸನೆ ಬಂದರೆ ಅದು ಬಿರಡೆಯ ದೋಷ, ಕಾದರೂ ಹೋಗುವುದಿಲ್ಲ. ತೆರೆದ ಕೂಡಲೇ ಅಂಗಡಿಗೆ ತಿಳಿಸಿ.

ಪ್ರಶ್ನೆ: ನಾಸಿಕ್‌ನ ಸುಲಾ ಜಿನ್‌ಫ್ಯಾಂಡೆಲ್ ಇಡಬಹುದೆ? ಇಟಲಿಯ ಪ್ರಿಮಿಟಿವೊ ಇದೇ ದ್ರಾಕ್ಷಿಯಂತೆ, ನಿಜವೆ? (ಬೆಳಗಾವಿ)

ಉತ್ತರ: ಸುಲಾದ್ದು ಎಳೆಯದಾಗಿ ಕುಡಿಯಲೆಂದೇ ಮಾಡಿದ ಹಗುರ ವೈನ್, ಎರಡು ಮೂರು ವರ್ಷದೊಳಗೆ ಮುಗಿಸಿ. ಹತ್ತಿರದಲ್ಲೇ ಸಿಗುವ ವೈನನ್ನು ಮಾಗಿಸಿ ನೋಡುವ ಆಸೆಯಿದ್ದರೆ ನಂದಿ ಬೆಟ್ಟದ ತಪ್ಪಲಿನ ಗ್ರೋವರ್‌ನ ಕ್ಯಾಬರ್ನೆ-ಶಿರಾಜ್ ಬೆರಕೆ 'ಲಾ ರಿಸರ್ವ್' ಮೇಲು.

ಪ್ರಿಮಿಟಿವೊ ಅದೇ ದ್ರಾಕ್ಷಿ, ನಿಜ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಕ್ಯಾರಲ್ ಮೆರೆಡಿತ್ ಮತ್ತು ಕ್ರೊಯೇಷಿಯಾದ ಸಂಶೋಧಕರು ಡಿಎನ್ಎ ಹೋಲಿಸಿ, ಡಾಲ್ಮೇಷಿಯಾ ಕರಾವಳಿಯ ತ್ಸರ್ಲ್ಯೆನಾಕ್ ಎಂಬ ತಳಿಯೂ ಇದೇ ಎಂದು 2001ರಲ್ಲಿ ಖಚಿತಪಡಿಸಿದರು. ಇಡುವ ಲೆಕ್ಕದಲ್ಲಿ ಪುಲಿಯಾದ ಸಾಮಾನ್ಯ ಪ್ರಿಮಿಟಿವೊಗೆ ಐದು ವರ್ಷ ಸಾಕು.

ಪ್ರಶ್ನೆ: ಹಳೆಯದರ ಜೊತೆ ಊಟಕ್ಕೇನು? ಉಳಿದರೆ? (ಮಡಿಕೇರಿ)

ಉತ್ತರ: ನಿಮ್ಮೂರಿನ ಪಂದಿಕರಿಗೆ ಎಳೆಯ ಜಿನ್‌ಫ್ಯಾಂಡೆಲ್ ಕೊಡಿ. ಮಸಾಲೆಯ ಕಾಳುಮೆಣಸು, ಕಾಚಂಪುಳಿಯ ಹುಳಿ ಎರಡನ್ನೂ ಅದರ ಹಣ್ಣು ತಡೆದುಕೊಳ್ಳುತ್ತದೆ. ಹತ್ತು ವರ್ಷದ್ದಕ್ಕೆ ಅಂಥ ಜೋಡಿ ದಕ್ಕದು. ಖಾರ ಆಲ್ಕೋಹಾಲ್ ಉರಿಯನ್ನು ಇಮ್ಮಡಿಸಿದಂತೆ ತೋರಿಸುತ್ತದೆ, ತೆಳುವಾದ ಹಣ್ಣು ಮಸಾಲೆಯಡಿ ಹೂತುಹೋಗುತ್ತದೆ. ಮೆಣಸಿನಕಾಯಿ ಹಾಕದೆ ಬೆಣ್ಣೆಯಲ್ಲಿ ಬಾಡಿಸಿದ ಅಣಬೆ, ಬರೀ ಉಪ್ಪು ಮೆಣಸಿನಲ್ಲಿ ಸುಟ್ಟ ಕುರಿಮಾಂಸ, ಗಟ್ಟಿ ಚೀಸ್, ಇಷ್ಟು ಸಾಕು. ಎಳೆಯದು ಉಳಿದರೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಕುಡಿಯಬಹುದು. ಹಳೆಯದು ಮರುದಿನಕ್ಕೆ ನಿಲ್ಲುವುದಿಲ್ಲವಾದ್ದರಿಂದ ನಾಲ್ಕೈದು ಮಂದಿ ಇರುವ ದಿನವೇ ತೆಗೆಯಿರಿ, 750 ಮಿಲಿಯಲ್ಲಿ ಐವರಿಗೆ ತಲಾ 150 ಬರುತ್ತದೆ.